ಗುಮ್ಮನ ಮರಿ ಶಾಲೆಗೆ ಬಂದರೆ: ಮಾತಾಡದ ಹೊಸ ಹುಡುಗಿಗಾಗಿ ಒಂದು ಕಥೆ ಬೇಕಾಗಿದೆ

ಕಾವೇರಿ ದಂಡೆಯ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ನಲಿ-ಕಲಿ ತರಗತಿ ನಡೆಸುತ್ತಿದ್ದೇನೆ. ಒಂದರಿಂದ ಮೂರನೆಯ ತರಗತಿಯವರೆಗಿನ 22 ಮಕ್ಕಳು ಒಂದೇ ಕೋಣೆಯಲ್ಲಿ ಚಾಪೆಯ ಮೇಲೆ ಕುಳಿತು ಕಲಿಯುತ್ತಾರೆ. ಆಲೆಮನೆಯ ಕೆಲಸಕ್ಕೆಂದು ಕಲಬುರಗಿ ಕಡೆಯಿಂದ ಬಂದ ಕುಟುಂಬದ ಹುಡುಗಿಯೊಬ್ಬಳು ಮೂರು ವಾರಗಳ ಹಿಂದೆ ಎರಡನೆಯ ತರಗತಿಗೆ ಸೇರಿದಳು. ಮೊದಲ ದಿನ ಬಾಗಿಲಲ್ಲಿ ನಿಂತು, "ನಾ ಎಲ್ಲಿ ಕುಂದರ್ಲಿ ರೀ?" ಎಂದು ಸ್ಪಷ್ಟವಾಗಿಯೇ ಕೇಳಿದಳು. ನಮ್ಮ ಮಕ್ಕಳು ಗೊಳ್ಳೆಂದು ನಕ್ಕರು. ಅವರ ನಗುವಿನಲ್ಲಿ ಕೆಟ್ಟತನವಿರಲಿಲ್ಲ; "ಕುಂತ್ಕೊ" ಎಂಬುದನ್ನೇ ಕೇಳಿ ಬೆಳೆದ ಕಿವಿಗಳಿಗೆ ಆ ಮಾತು ಹೊಸದಾಗಿತ್ತು, ಅಷ್ಟೆ. ಆದರೆ ಆ ಗಳಿಗೆಯಿಂದ ಇಂದಿನವರೆಗೆ ಆ ಮಗು ಶಾಲೆಯ ಒಳಗೆ ಒಂದು ಅಕ್ಷರವನ್ನೂ ಆಡಿಲ್ಲ.

ಬುದ್ಧಿವಾದ ಹೇಳಿ ಮಕ್ಕಳನ್ನು ತಿದ್ದಲು ನೋಡಿದೆ. ಅದರಿಂದ ಎಲ್ಲರೂ ಅವಳತ್ತಲೇ ತಿರುಗಿ ನೋಡುವಂತಾಗಿ, ಅವಳು ಇನ್ನಷ್ಟು ಮುದುಡಿದಳು. ಹಾಗಾಗಿ ಪ್ರತಿದಿನ ಸಂಜೆ ಶಾಲೆ ಬಿಡುವ ಮೊದಲು 20 ನಿಮಿಷ ಒಂದು ಕಥೆಯನ್ನು ಕಂತು ಕಂತಾಗಿ ಹೇಳಬೇಕೆಂದು ನಿರ್ಧರಿಸಿದ್ದೇನೆ. ನಾಯಕ ಒಬ್ಬ ಗುಮ್ಮನ ಮರಿ. ಅವನಿಗೆ ಎರಡು ಕೊಂಬುಗಳಿವೆ; ಒಂದು ನೆಟ್ಟಗಿದೆ, ಇನ್ನೊಂದು ಪಕ್ಕಕ್ಕೆ ವಾಲಿದೆ. ಅವನ ಅಜ್ಜಿ ಎಣ್ಣೆ ಹಚ್ಚಿ ಬೈತಲೆ ತೆಗೆಯಲು ಹೋದರೆ ದಿನಕ್ಕೊಂದು ಬಾಚಣಿಗೆ ಮುರಿಯುತ್ತದೆ. ಪ್ರಾರ್ಥನೆಯಲ್ಲಿ ಅವನು ಬಾಯಿ ತೆರೆದರೆ ಕಹಳೆಯ ಸದ್ದು ಹೊರಟು ತೆಂಗಿನ ಮರದ ಕಾಗೆಗಳೆಲ್ಲ ಹಾರಿಹೋಗುತ್ತವೆ. ಹಾಜರಿ ಕೂಗಿದಾಗ "ಬಂದಿದ್ದೀನಿ ಮಿಸ್" ಎನ್ನುವ ಬದಲು ವಂಶದ ಅಭ್ಯಾಸದಂತೆ "ಬಂದೇ ಬಿಟ್ಟೆ!" ಎಂದು ಗರ್ಜಿಸಿ, ತನ್ನ ದನಿಗೆ ತಾನೇ ಬೆದರಿ ಮೇಜಿನ ಕೆಳಗೆ ಅಡಗಿಕೊಳ್ಳುತ್ತಾನೆ. ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು ಅವನ ಒಂದು ಹಲ್ಲನ್ನೂ ತೋಯಿಸುವುದಿಲ್ಲ.

ಇಲ್ಲಿಯವರೆಗೆ ಬಂದಿದ್ದೇನೆ, ಮುಂದೆ ದಾರಿ ಕಾಣುತ್ತಿಲ್ಲ. ಇವನ ಶಾಲೆಗೆ ಸಂಕೋಚದ ಹೊಸ ಮಗುವೊಂದು ಬರಬೇಕು, ಇವರಿಬ್ಬರೂ ಗೆಳೆಯರಾಗಬೇಕು. ಅದು ಹೇಗೆ? ಮಕ್ಕಳ ಮುಂದೆ ಗುಮ್ಮನನ್ನು ತರುವುದೇ ತಪ್ಪೆಂದು ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?

ಒಂಟಿಕೊಪ್ಪಲಿನ ಅಜ್ಜಿ

ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿಯಾಗಿದೆ ಮಗಳೇ. ಊಟ ಮಾಡದಿದ್ದರೆ ಗುಮ್ಮ, ಮಲಗದಿದ್ದರೆ ಗುಮ್ಮ, ಹಟ ಮಾಡಿದರೆ ಗುಮ್ಮ ಎಂದು ನಮ್ಮ ಮನೆಯಲ್ಲಿ ಮೂರು ತಲೆಮಾರುಗಳನ್ನು ಹೆದರಿಸಿಯೇ ಬೆಳೆಸಿದ್ದೇವೆ. ಪುರಂದರದಾಸರ ಕೀರ್ತನೆಯಲ್ಲಿ ಸಾಕ್ಷಾತ್ ಬಾಲಕೃಷ್ಣನೇ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ದೇವರ ಮಗುವನ್ನೇ ನಡುಗಿಸಿದ ಹೆಸರನ್ನು, ಮೊದಲೇ ಹೆದರಿ ಕುಳಿತ ಹೆಣ್ಣುಮಗುವಿನ ಮುಂದೆ ಏಕೆ ಎತ್ತಬೇಕು? ಮೊಲದ ಮರಿ, ಆನೆಯ ಮರಿ ಎಷ್ಟು ಬೇಕಾದರೂ ಇವೆಯಲ್ಲ.

ಕುವೆಂಪುನಗರದ ರಂಗಾಸಕ್ತ

ಅಜ್ಜಿಯವರ ಮೇಲೆ ಗೌರವವಿಟ್ಟುಕೊಂಡೇ ಒಪ್ಪದಿರುತ್ತೇನೆ. ಮಗುವನ್ನು ಕಾಡುವುದು ಆಕಾರವಿಲ್ಲದ ಭಯ. ಅದಕ್ಕೆ ಕೊಂಬು, ಹೊಟ್ಟೆ, ಬಾಲ ಕೊಟ್ಟು ಎದುರಿಗೆ ನಿಲ್ಲಿಸಿದರೆ ಮಗು ಅದನ್ನು ಅಳೆದು ನೋಡುತ್ತದೆ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ದಸರಾ ಮೆರವಣಿಗೆಯ ಗಾರುಡಿ ಗೊಂಬೆಗಳನ್ನು ಕಂಡು ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿ ಕಿರುಚಿದ್ದ. ಮೆರವಣಿಗೆ ಸ್ವಲ್ಪ ಹೊತ್ತು ನಿಂತಾಗ ಒಂದು ಗೊಂಬೆಯ ಒಳಗಿದ್ದ ಮನುಷ್ಯ ಅದನ್ನು ಹೆಗಲಿನಿಂದ ಇಳಿಸಿ, ಬೆವರು ಒರೆಸಿಕೊಂಡು, ನಮ್ಮ ಬಾಟಲಿಯಿಂದಲೇ ನೀರು ಕುಡಿದರು. ಆಮೇಲೆ ಮಗನನ್ನು ಕರೆದು ಬಿದಿರಿನ ಚೌಕಟ್ಟಿನ ಒಳಗೆ ಇಣುಕಿಸಿದರು. ಮುಂದಿನ ಒಂದು ವರ್ಷ ಅವನು ಮನೆಯ ಬುಟ್ಟಿಯನ್ನು ತಲೆಗೆ ಕವುಚಿಕೊಂಡು ತಾನೇ ಗಾರುಡಿಯಾಗಿ ಓಡಾಡಿದ.

ಚಾಮುಂಡಿ ಬೆಟ್ಟಕ್ಕೆ ಹೋದ ಯಾವ ಮಗುವನ್ನಾದರೂ ಗಮನಿಸಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದ ಮಹಿಷಾಸುರನ ಮುಂದೆ ಮೊದಲು ಅಪ್ಪನ ಕಾಲಿನ ಹಿಂದೆ ನಿಲ್ಲುತ್ತದೆ, ಆಮೇಲೆ ಅದೇ ಭಂಗಿಯಲ್ಲಿ ಫೋಟೊ ತೆಗೆಸಿಕೊಳ್ಳುತ್ತದೆ. ಮೈಸೂರಿನ ಮಕ್ಕಳಿಗೆ ರಾಕ್ಷಸರ ಪರಿಚಯ ನಾವು ಮಾಡಿಸಬೇಕಾಗಿಲ್ಲ. ಮೇಡಂ ಅವರ ಕಥೆಗೆ ಮಹಿಷನ ಮರಿಯೇ ನಾಯಕನಾದರೂ ಚೆನ್ನಾಗಿರುತ್ತದೆ.

ಅಶೋಕಪುರಂ ಓದುಗ

ದಯವಿಟ್ಟು ಮಹಿಷನನ್ನು ಈ ತಮಾಷೆಗೆ ಎಳೆಯಬೇಡಿ. ಅವನನ್ನು ಈ ನಾಡಿನ ದೊರೆಯೆಂದು ಗೌರವಿಸುವ ಜನರಿದ್ದಾರೆ, ದೇವಿಯಿಂದ ಹತನಾದ ಅಸುರನೆಂದು ನಂಬುವ ಜನರೂ ಇದ್ದಾರೆ. ಇಬ್ಬರ ಮಕ್ಕಳೂ ಒಂದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ಗುಮ್ಮನಿಗೆ ಜಾತಿಯಿಲ್ಲ, ಪುರಾಣವಿಲ್ಲ, ಮುಖ ಹೇಗಿದೆಯೆಂದು ಯಾರೂ ಬರೆದಿಟ್ಟಿಲ್ಲ. ಮಕ್ಕಳ ಕಥೆಗೆ ಅವನಿಗಿಂತ ಒಳ್ಳೆಯ ನಾಯಕ ಸಿಗುವುದಿಲ್ಲ.

ಕುವೆಂಪುನಗರದ ರಂಗಾಸಕ್ತ

ಒಪ್ಪಿದೆ. ಆ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಪಾಂಡವಪುರದ ಹುಡುಗ

ಮೇಡಂ, ನಿಮ್ಮ ಕಥೆಯ ಆರಂಭಕ್ಕೆ ನನ್ನಲ್ಲಿ ಒಂದು ವಸ್ತುವಿದೆ. 1990ರ ದಶಕದಲ್ಲಿ ನಮ್ಮ ಊರಿನ ಬಾಗಿಲು ಬಾಗಿಲಿನ ಮೇಲೂ "ನಾಳೆ ಬಾ" ಎಂದು ಬರೆದಿದ್ದರು. ರಾತ್ರಿ ಬಂದು ಬಾಗಿಲು ಬಡಿಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ ಎದುರಾಗುತ್ತದೆ ಎಂಬ ನಂಬಿಕೆಯಿತ್ತು. ನಮ್ಮ ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದವನು ನಾನೇ. ಆಗಷ್ಟೇ "ಳ" ಬರೆಯಲು ಕಲಿತಿದ್ದೆ.

ಈಗ ಯೋಚಿಸಿ. ಗುಮ್ಮನ ಮರಿ ಬಹಳ ವಿಧೇಯ ಹುಡುಗ. ಹೊಸ ಚೀಲ ಹೆಗಲಿಗೆ ಹಾಕಿಕೊಂಡು, ಬಾಲವನ್ನು ಚಡ್ಡಿಯೊಳಗೆ ತುರುಕಿಕೊಂಡು, ಜೂನ್ ತಿಂಗಳ ಮೊದಲ ದಿನವೇ ಶಾಲೆಗೆ ಬರುತ್ತಾನೆ. ಬಾಗಿಲಿನ ಮೇಲೆ ಯಾರೋ ಹಿಂದೆಂದೋ ಬರೆದ "ನಾಳೆ ಬಾ" ಇನ್ನೂ ಅಳಿಸಿರುವುದಿಲ್ಲ. ಅವನು ಓದುತ್ತಾನೆ, "ಆಗಲಿ ಮಿಸ್" ಎಂದು ತಲೆಯಾಡಿಸಿ ಮನೆಗೆ ಹೋಗುತ್ತಾನೆ. ಮರುದಿನವೂ ಹಾಗೆಯೇ ಆಗುತ್ತದೆ, ಅದರ ಮರುದಿನವೂ. ಅಜ್ಜಿ ಕೇಳಿದರೆ, "ಸ್ಕೂಲು ನಾಳೆ ಅಂತೆ ಅಜ್ಜಿ" ಎನ್ನುತ್ತಾನೆ. ಹೀಗೆ ದಸರಾ ರಜೆಯೂ ಬಂದುಬಿಡುತ್ತದೆ!

ಸರಸ್ವತಿಪುರಂ, ಇಬ್ಬರು ಮಕ್ಕಳ ತಂದೆ

ಓದಿ ಮನೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆದರೆ ಒಂದು ತಿದ್ದುಪಡಿ ಇದೆ. "ನಾಳೆ ಬಾ" ಬರೆದದ್ದು ಹೆಣ್ಣು ದೆವ್ವಕ್ಕೆ, ಗುಮ್ಮನಿಗಲ್ಲ. ಎರಡನ್ನೂ ಬೆರೆಸಬಾರದು.

ಪಾಂಡವಪುರದ ಹುಡುಗ

ಬರೆದದ್ದು ಯಾರಿಗಾದರೂ ಇರಲಿ ಸರ್, ಓದಿದವನು ಅದನ್ನು ತನಗೆಂದೇ ತಿಳಿಯುತ್ತಾನೆ. ಆ ಹುಡುಗಿಯ ವಿಷಯದಲ್ಲಿ ಆದದ್ದೂ ಅದೇ ಅಲ್ಲವೇ? ಮಕ್ಕಳು ನಕ್ಕದ್ದು ಒಂದು ಪದಕ್ಕೆ. ಅವಳಿಗೆ ಕೇಳಿಸಿದ್ದು ತನ್ನನ್ನು ಕಂಡು ನಕ್ಕಂತೆ.

ಕಲಬುರಗಿ ಮೂಲದವನು, ಈಗ ಹೆಬ್ಬಾಳು, ಮೈಸೂರು

ಈ ಚರ್ಚೆಯನ್ನು ಎರಡು ಸಲ ಓದಿದೆ. ನಾನು ಏಳನೆಯ ವಯಸ್ಸಿನಲ್ಲಿ ತಂದೆಯ ವರ್ಗಾವಣೆಯಿಂದಾಗಿ ಈ ಕಡೆಗೆ ಬಂದವನು. ಆಟದ ಮೈದಾನದಲ್ಲಿ ಓಡುತ್ತಿದ್ದ ಗೆಳೆಯನಿಗೆ "ನಿಂದ್ರೋ" ಎಂದು ಕೂಗಿದ್ದೇ ತಡ, ಇಡೀ ಮೈದಾನ "ನಿಂದ್ರೋ, ನಿಂದ್ರೋ" ಎಂದು ರಾಗ ಹಾಡಿತು. ನನ್ನ ಹೆಸರು ಹೋಗಿ "ನಿಂದ್ರು" ಎಂಬುದೇ ಹೆಸರಾಯಿತು. ಸುಮಾರು ಎರಡು ತಿಂಗಳು ನಾನು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಇಲ್ಲಿಯ ಕನ್ನಡಕ್ಕೆ ತಿರುಗಿಸಿ, ಪರೀಕ್ಷಿಸಿ, ಆಮೇಲೆ ಆಡುತ್ತಿದ್ದೆ. ಅಷ್ಟು ಹೊತ್ತಿಗೆ ಮಾತಿನ ಸಂದರ್ಭವೇ ಮುಗಿದಿರುತ್ತಿತ್ತು. ಶಿಕ್ಷಕರು ನನ್ನನ್ನು ಮೌನಿ ಎಂದರು. ಮನೆಯಲ್ಲಿ ಮಾತ್ರ ನನ್ನ ಬಾಯಿ ಮುಚ್ಚಿಸಲು ಅವ್ವ ಒದ್ದಾಡುತ್ತಿದ್ದಳು.

ಮೇಡಂ, ಒಂದು ವಿನಂತಿ. ಕಥೆಯ ಹೊಸ ಮಗು ನಿಮ್ಮ ಹುಡುಗಿಯ ಪ್ರತಿರೂಪವಾಗಬಾರದು. ಉತ್ತರದಿಂದ ಬಂದ, ಮಾತಾಡದ, ಎರಡು ಜಡೆಯ ಹುಡುಗಿ ಎಂದು ನೀವು ಹೇಳಿದ ತಕ್ಷಣ 21 ಕುತ್ತಿಗೆಗಳು ಅವಳತ್ತ ತಿರುಗುತ್ತವೆ. ನಮ್ಮ ಶಾಲೆಯಲ್ಲಿ ಒಬ್ಬರು ಒಳ್ಳೆಯ ಉದ್ದೇಶದಿಂದಲೇ "ಹೊಸಬರನ್ನು ಪ್ರೀತಿಸಿ" ಎಂದು ಪಾಠ ಮಾಡಿದಾಗ, ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತ್ತು. ಹೊಸ ಮಗು ಬೇರೆಯೇ ಜೀವಿಯಾಗಿರಲಿ. ತಪ್ಪು ಮಾತಾಡುವವನು, ಎಲ್ಲರ ನಗೆಗೂ ಗುರಿಯಾಗುವವನು ಗುಮ್ಮನೇ ಆಗಿರಲಿ. ಅವನಿಗೆ ನಗು ಅಂಟುವುದಿಲ್ಲ, ಏಕೆಂದರೆ ಅವನೂ ಅವರೊಂದಿಗೆ ನಗುತ್ತಾನೆ. ತರಗತಿಯ ನಗುವನ್ನೆಲ್ಲ ಅವನು ತನ್ನ ಮೇಲೆ ಹಾಕಿಕೊಂಡರೆ ಪಕ್ಕದಲ್ಲಿ ಕುಳಿತ ಸಂಕೋಚದ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ.

ಒಂಟಿಕೊಪ್ಪಲಿನ ಅಜ್ಜಿ

ಅಯ್ಯೋ ಕಂದ, "ನಿಂದ್ರು" ಎಂದು ಕರೆದರೇ? ಓದಿ ಕಣ್ಣಲ್ಲಿ ನೀರು ಬಂತು. ನೀವು ಹೇಳುವ ಗುಮ್ಮ ನಾನು ಹೆದರಿಸಿದ ಗುಮ್ಮನಲ್ಲ. ಅಂಥವನಿದ್ದರೆ ನನ್ನ ಅಡ್ಡಿಯಿಲ್ಲ.

ಮದ್ದೂರಿನ ಆಲೆಮನೆಯವರ ಮಗ

ಗೆಳೆತನ ಹೇಗೆ ಆಗಬೇಕೆಂದು ಕೇಳಿದ್ದೀರಿ. ನನ್ನ ಉತ್ತರ: ಮುದ್ದೆಯಿಂದ.

ನಮ್ಮ ಆಲೆಮನೆಗೆ ಬರುವ ಉತ್ತರದ ಕಡೆಯ ಕೆಲಸಗಾರರ ಮಕ್ಕಳಿಗೆ ನಮ್ಮ ಅಮ್ಮ ಮೊದಲ ದಿನ ರಾಗಿಮುದ್ದೆ ಬಡಿಸುತ್ತಿದ್ದರು. ಅವರು ರೊಟ್ಟಿಯನ್ನು ಅಗಿಯುವಂತೆ ಮುದ್ದೆಯನ್ನು ಅಗಿಯುತ್ತಿದ್ದರು. ಮುದ್ದೆಯನ್ನು ಅಗಿದವರ ಪಾಡು ಗೊತ್ತಲ್ಲ, ಹಲ್ಲು ಹಲ್ಲಿಗೆ ಅಂಟಿ ಬಾಯಿಯೇ ತೆರೆಯುವುದಿಲ್ಲ. ನಿಮ್ಮ ಗುಮ್ಮನಿಗೆ ಕೋರೆಹಲ್ಲುಗಳಿವೆ. ಅವನು ಮುದ್ದೆಯನ್ನು ಕಚಕಚನೆ ಅಗಿದರೆ ಮೇಲಿನ ದವಡೆ ಕೆಳಗಿನ ದವಡೆಗೆ ಅಂಟಿಕೊಂಡು, ಕಾಗೆ ಹಾರಿಸುವ ದನಿಯವನು ಇಡೀ ಮಧ್ಯಾಹ್ನ "ಮ್ಮ್ಮ್" ಎನ್ನುತ್ತ ಕುಳಿತುಕೊಳ್ಳಬೇಕಾಗುತ್ತದೆ! ಉತ್ತರ ಗೊತ್ತಿದ್ದರೂ ಹೇಳಲಾಗದು. ಬಾಯಾರಿದರೂ ಕೇಳಲಾಗದು. ಮಾತು ಒಳಗೆ ಸಿಕ್ಕಿಕೊಂಡರೆ ಹೇಗಿರುತ್ತದೆಂದು ಅವನಿಗೆ ಅಂದು ತಿಳಿಯುತ್ತದೆ. ಪಕ್ಕದಲ್ಲಿರುವ ಹೊಸ ಮಗುವಿಗೆ ಅದು ಮೊದಲೇ ತಿಳಿದಿದೆ. ಅದು ಏನನ್ನೂ ಹೇಳದೆ ತನ್ನ ನೀರಿನ ಲೋಟವನ್ನು ಅವನ ಕಡೆಗೆ ಸರಿಸುತ್ತದೆ.

ಸರಸ್ವತಿಪುರಂ, ಇಬ್ಬರು ಮಕ್ಕಳ ತಂದೆ

ಕಲ್ಪನೆ ಅದ್ಭುತವಾಗಿದೆ. ಆದರೆ ಶಾಲೆಯ ಬಿಸಿಯೂಟದಲ್ಲಿ ಅನ್ನ, ಸಾಂಬಾರು ಇರುತ್ತದೆ. ಮುದ್ದೆ ಎಲ್ಲಿಂದ ಬರುತ್ತದೆ? ಇಂಥ ತಪ್ಪನ್ನು ಮೊದಲು ಹಿಡಿಯುವವರು ಮಕ್ಕಳೇ.

ಮದ್ದೂರಿನ ಆಲೆಮನೆಯವರ ಮಗ

ಗುಮ್ಮನ ಅಜ್ಜಿ ಬುತ್ತಿ ಕಟ್ಟಿ ಕಳುಹಿಸಿರುತ್ತಾಳೆ, ಉಪ್ಸಾರಿನ ಜೊತೆಗೆ. ಅನ್ನದಿಂದ ಗುಮ್ಮನ ಹೊಟ್ಟೆ ತುಂಬುತ್ತದೆಯೇ ಸರ್? ಬೇಕಿದ್ದರೆ ಮುದ್ದೆಯ ಬದಲು ಕೊಪ್ಪರಿಗೆಯಿಂದ ಆಗಷ್ಟೇ ತೆಗೆದ ಬೆಲ್ಲದ ಪಾಕವನ್ನೂ ಇಡಬಹುದು, ಅದೂ ಹಲ್ಲಿಗೆ ಹಾಗೆಯೇ ಅಂಟುತ್ತದೆ.

ಕಲಬುರಗಿ ಮೂಲದವನು, ಈಗ ಹೆಬ್ಬಾಳು, ಮೈಸೂರು

ಬೆಲ್ಲ ಬೇಡ, ಮುದ್ದೆಯೇ ಇರಲಿ. ಆ ಹುಡುಗಿಯ ಮನೆಯವರು ದುಡಿಯುವುದೇ ಆಲೆಮನೆಯಲ್ಲಿ. ಬೆಲ್ಲ ಎಂದರೆ ಮತ್ತೆ ಅವಳತ್ತಲೇ ಬೆರಳು ತೋರಿಸಿದಂತಾಗುತ್ತದೆ. ಮುದ್ದೆ ನುಂಗಲು ನನಗೆ ಬಂದದ್ದು ಹತ್ತನೆಯ ವಯಸ್ಸಿಗೆ. ಈಗ ನನ್ನ ಮಗಳು ರೊಟ್ಟಿಯನ್ನೂ ಮುದ್ದೆಯನ್ನೂ ಸಮನಾಗಿ ತಿನ್ನುತ್ತಾಳೆ. ಎಣ್ಣೆಗಾಯಿಯ ಜೊತೆ ಮುದ್ದೆ ತಿನ್ನುವುದನ್ನು ಮಾತ್ರ ನಾನು ಒಪ್ಪಿಲ್ಲ.

ಮೈಸೂರಿನ ವಾಕ್-ಭಾಷಾ ಚಿಕಿತ್ಸಕಿ

ಕಥೆ ಸೊಗಸಾಗಿ ಬೆಳೆಯುತ್ತಿದೆ, ಅದಕ್ಕೆ ಅಡ್ಡ ಬರುವುದಿಲ್ಲ. ಆದರೆ ಕಥೆಯ ಆಚೆಗೆ ಒಂದು ನಿಜವಾದ ಮಗುವಿದೆ, ಆದ್ದರಿಂದ ಕೆಲವು ಮಾತುಗಳನ್ನು ಹೇಳಲೇಬೇಕು. ಮೇಡಂ, ಅವಳು ಮನೆಯಲ್ಲಿ ಚೆನ್ನಾಗಿ ಮಾತಾಡುತ್ತಾಳೆಯೇ? ತಾಯಿಯನ್ನು ಕೇಳಿದ್ದೀರಾ? ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತಾಳೆಯೇ? ಕಿವಿ ಸರಿಯಾಗಿ ಕೇಳಿಸದ ಮಕ್ಕಳನ್ನು ನಾಚಿಕೆಯವರೆಂದು ತಿಳಿದು ವರ್ಷಗಟ್ಟಲೆ ಬಿಟ್ಟುಬಿಡುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಅನುಮಾನ ಬಂದರೆ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಬನ್ನಿ. 1965ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ನಿಮ್ಮ ಊರಿಗೆ ಇಷ್ಟು ಹತ್ತಿರದಲ್ಲಿರುವುದು ಒಂದು ಭಾಗ್ಯ.

ಮನೆಯಲ್ಲಿ ಮಾತಾಡಿ, ಶಾಲೆಯಂಥ ಜಾಗಗಳಲ್ಲಿ ಮಾತ್ರ ಮಾತು ಹೊರಡದ ಸ್ಥಿತಿಯೊಂದಿದೆ; ನಾವು ಅದನ್ನು ಆಯ್ದ ಮೂಕತನ ಎನ್ನುತ್ತೇವೆ. ಅದು ಹಟವಲ್ಲ, ಅಹಂಕಾರವೂ ಅಲ್ಲ. ಆತಂಕದಿಂದ ಗಂಟಲು ಕಟ್ಟುವುದು. ಆದರೆ ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನು ಹಾಗೆ ಹೆಸರಿಸುವುದಿಲ್ಲ. ಮೂರು ವಾರವಷ್ಟೇ ಆಗಿದೆ, ಅದೂ ಹೊಸ ಊರು, ಹೊಸ ನುಡಿ. ಈಗ ಮಾಡಬೇಕಾದದ್ದು ಇಷ್ಟು: ಮಾತಿಗಾಗಿ ಒತ್ತಾಯಿಸಬೇಡಿ, ತಲೆಯಾಡಿಸಿದರೆ ಅಥವಾ ಬೆರಳು ತೋರಿಸಿದರೆ ಅದನ್ನೇ ಉತ್ತರವೆಂದು ಸ್ವೀಕರಿಸಿ. ಎಂದಾದರೂ ಅವಳು ಮಾತಾಡಿದರೆ "ಅಯ್ಯೋ, ಮಾತಾಡಿದಳು!" ಎಂದು ಚಪ್ಪಾಳೆ ತಟ್ಟಿಸಬೇಡಿ. ಆ ಚಪ್ಪಾಳೆಯೂ ಎಲ್ಲರನ್ನೂ ಅವಳತ್ತ ತಿರುಗಿಸುವ ಸದ್ದೇ.

ಹೆಗ್ಗಡದೇವನಕೋಟೆಯ ನಿವೃತ್ತ ಮೇಷ್ಟ್ರು

ವೈದ್ಯಕೀಯದ ಹೆಸರುಗಳನ್ನು ಇಷ್ಟು ಬೇಗ ಹೊರತೆಗೆಯುವುದು ನನಗೆ ಸರಿಕಾಣುವುದಿಲ್ಲ. ಒಂದು ಸಲ ಹೆಸರು ಅಂಟಿದರೆ ಶಿಕ್ಷಕರು ಕೈಚೆಲ್ಲುತ್ತಾರೆ. ಕಾಡಂಚಿನ ಬುಡಕಟ್ಟು ಜನರ ಹಾಡಿಯ ಮಕ್ಕಳು ಶಾಲೆಗೆ ಬಂದಾಗ ತಿಂಗಳುಗಟ್ಟಲೆ ಮಾತಾಡುತ್ತಿರಲಿಲ್ಲ. ಅವರಿಗೆ ಯಾವ ತೊಂದರೆಯೂ ಇರಲಿಲ್ಲ. ನಮ್ಮ ಶಾಲೆ ಅವರ ಮಾತಿಗೆ ಕಿವಿ ಕೊಡುತ್ತಿರಲಿಲ್ಲ. 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ನಲಿ-ಕಲಿ ಹುಟ್ಟಿತು. ಆಗ ನಾವು ಮೊದಲು ಮಾಡಿದ ಕೆಲಸವೆಂದರೆ ಮೇಜು ಕುರ್ಚಿ ಬಿಟ್ಟು ಮಕ್ಕಳ ಜೊತೆ ನೆಲದ ಮೇಲೆ ಕುಳಿತದ್ದು.

ಮೇಡಂ, ನಿಮ್ಮ ಕೈಯಲ್ಲೇ ಉಪಾಯವಿದೆ. ನಲಿ-ಕಲಿಯ ಐದು ಗುಂಪುಗಳಲ್ಲಿ ಸಹಪಾಠಿಗಳ ಬೆಂಬಲದಿಂದ ಕಲಿಯುವ ಗುಂಪು ಒಂದಿದೆ. ಆ ಗುಂಪಿನಲ್ಲಿ ಅವಳ ಪಕ್ಕಕ್ಕೆ ಬಾಯಿಬಡುಕ ಮಗುವನ್ನು ಕೂರಿಸಬೇಡಿ, ಶಾಂತವಾಗಿ ಕೆಲಸ ಮಾಡುವ ಒಂದನೆಯ ತರಗತಿಯ ಚಿಕ್ಕ ಮಗುವನ್ನು ಕೂರಿಸಿ. ಚಿಕ್ಕದಕ್ಕೆ ಅಕ್ಷರ ತೋರಿಸುವ ಕೆಲಸ ಅವಳದಾಗಲಿ. ನೆರವು ಪಡೆಯುವವಳು ನೆರವು ಕೊಡುವವಳಾದರೆ ಬೆನ್ನು ನೆಟ್ಟಗಾಗುತ್ತದೆ.

ಮೈಸೂರಿನ ವಾಕ್-ಭಾಷಾ ಚಿಕಿತ್ಸಕಿ

ಮೇಷ್ಟ್ರೇ, ನಾನು ಹೆಸರು ಅಂಟಿಸಲಿಲ್ಲ, ಈಗಲೇ ಅಂಟಿಸಬಾರದೆಂದೇ ಹೇಳಿದೆ. ಶ್ರವಣ ಪರೀಕ್ಷೆಯ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಚಿಕ್ಕ ಮಗುವನ್ನು ಪಕ್ಕಕ್ಕೆ ಕೂರಿಸುವ ನಿಮ್ಮ ಸಲಹೆಯನ್ನು ನಾನೇ ಇನ್ನು ಮುಂದೆ ಬೇರೆ ಶಾಲೆಗಳಿಗೆ ಹೇಳುತ್ತೇನೆ.

ಕುವೆಂಪುನಗರದ ರಂಗಾಸಕ್ತ

ಕಥೆಗೆ ಒಂದು ಕೊನೆ ಬೇಕಲ್ಲ. ರಂಗಾಯಣದ ಚಿನ್ನರ ಮೇಳದ ಶಿಬಿರಗಳಲ್ಲಿ ವರ್ಷ ವರ್ಷವೂ ಮಕ್ಕಳ ನಾಟಕಗಳನ್ನು ನೋಡುತ್ತ ಬಂದಿದ್ದೇನೆ. ಮಕ್ಕಳಿಗೆ ಅರ್ಧಕ್ಕೆ ನಿಂತ ಕಥೆ ಹಿಡಿಸುವುದಿಲ್ಲ. ಕೊನೆಯ ದಿನ ಹೊಸ ಮಗು ಎಲ್ಲರೆದುರು ಬಾಯಿ ತೆರೆದು, ಗುಮ್ಮನ ಹೆಸರು ಹಿಡಿದು ಜೋರಾಗಿ ಕರೆಯಬೇಕು. ಅಲ್ಲಿಗೆ ನಾಟಕ ಪೂರ್ಣವಾಗುತ್ತದೆ.

ಕಲಬುರಗಿ ಮೂಲದವನು, ಈಗ ಹೆಬ್ಬಾಳು, ಮೈಸೂರು

ಬೇಡ ಸರ್, ಖಂಡಿತ ಬೇಡ. ಮಾತಾಡಿದರೆ ಮಾತ್ರ ಗೆಳೆತನ ಪೂರ್ಣವಾಗುತ್ತದೆ ಎಂದು ಕಥೆ ಹೇಳಿದರೆ, ಕೇಳುತ್ತ ಕುಳಿತ ಮೌನದ ಮಗುವಿಗೆ ಅದು ಗಡುವು ಕೊಟ್ಟಂತೆ. ನನ್ನ ಮೊದಲ ಗೆಳೆಯ ನನ್ನನ್ನು ಮಾತಾಡಿಸಲೇ ಇಲ್ಲ. ದಿನಾ ಗೋಲಿ ಆಡುವಾಗ ನನ್ನ ಪಾಲಿನ ಗೋಲಿಗಳನ್ನು ಎಣಿಸಿ ನನ್ನ ಮುಂದೆ ಇಡುತ್ತಿದ್ದ, ಅಷ್ಟೇ. ಆ ಎಣಿಕೆ ತಪ್ಪಿದ ದಿನ ನಾನು ಬಾಯಿಬಿಟ್ಟೆ.

ಅಶೋಕಪುರಂ ಓದುಗ

ನನ್ನ ಮತವೂ ಇದಕ್ಕೇ. ಗುಮ್ಮ ಗದ್ದಲದವನಾಗಿಯೇ ಉಳಿಯಲಿ, ಹೊಸ ಮಗು ಮೆಲುದನಿಯದಾಗಿಯೇ ಉಳಿಯಲಿ. ಇಬ್ಬರಲ್ಲಿ ಒಬ್ಬರನ್ನು ಇನ್ನೊಬ್ಬರಂತೆ ಮಾಡುವ ಕೆಲಸ ಗೆಳೆತನದ್ದಲ್ಲ.

ಕುವೆಂಪುನಗರದ ರಂಗಾಸಕ್ತ

ಹಾಗಿದ್ದರೆ ಪರದೆ ಯಾವ ದೃಶ್ಯದ ಮೇಲೆ ಬೀಳಬೇಕು? ಅದನ್ನು ಯಾರಾದರೂ ಹೇಳಿ, ನಾನು ಸುಮ್ಮನಾಗುತ್ತೇನೆ. ವಿರೋಧಿಸುವುದು ಸುಲಭ, ದೃಶ್ಯ ಕಟ್ಟುವುದು ಕಷ್ಟ.

ಕಾವೇರಿ ದಂಡೆಯ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಇಷ್ಟು ಜನ ಇಷ್ಟು ಮನಸ್ಸಿಟ್ಟು ಬರೆದಿದ್ದೀರಿ, ಹೇಗೆ ಕೃತಜ್ಞತೆ ಹೇಳಲಿ? ಒಂದು ವಾರದ ವರದಿ ಕೊಡುತ್ತೇನೆ.

ಮೊದಲು ಚಿಕಿತ್ಸಕಿಯವರ ಪ್ರಶ್ನೆಗೆ ಉತ್ತರ. ಸಂಜೆ ಆಲೆಮನೆಗೆ ಹೋಗಿ ತಾಯಿಯನ್ನು ಕಂಡೆ. ಒಲೆಯ ಹತ್ತಿರ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಹುಡುಗಿ ಒಂದೇ ಸಮನೆ ಮಾತಾಡುತ್ತಿದ್ದಳು. ನನ್ನನ್ನು ಕಂಡ ಕೂಡಲೇ ನಿಲ್ಲಿಸಿದಳು. ಆ ಬದಲಾವಣೆಯನ್ನು ಕಣ್ಣಾರೆ ಕಂಡದ್ದು ನನಗೆ ಬಹಳ ಕಲಿಸಿತು. ಆದರೂ ಶ್ರವಣ ಪರೀಕ್ಷೆಗೆ ಮುಂದಿನ ವಾರ ಮೈಸೂರಿಗೆ ಕರೆದುಕೊಂಡು ಹೋಗಲು ತಾಯಿ ಒಪ್ಪಿದ್ದಾರೆ. ಮೇಷ್ಟ್ರು ಹೇಳಿದಂತೆ ಅವಳ ಪಕ್ಕಕ್ಕೆ ಒಂದನೆಯ ತರಗತಿಯ ಪುಟ್ಟ ಹುಡುಗನನ್ನು ಕೂರಿಸಿದ್ದೇನೆ. ಅವನು "ಈ" ಬರೆಯುವಾಗ ಬಾಲವನ್ನು ಉಲ್ಟಾ ಎಳೆಯುತ್ತಾನೆ, ಅವಳು ಅವನ ಬೆರಳು ಹಿಡಿದು ತಿದ್ದಿಸುತ್ತಾಳೆ.

ಇನ್ನು ಕಥೆ. ಹಳೆಯ ಗೋಣಿಚೀಲದಿಂದ ಕೈಗೊಂಬೆಯೊಂದನ್ನು ಹೊಲಿದು ಗುಮ್ಮನನ್ನು ಮಾಡಿದೆ. ಹೊಸ ಮಗುವಾಗಿ ಒಂದು ಆಮೆಯನ್ನು ಇಟ್ಟೆ, ಯಾರನ್ನು ಕಂಡರೂ ಚಿಪ್ಪಿನೊಳಗೆ ಸೇರಿಕೊಳ್ಳುವ ಆಮೆ. ಮುದ್ದೆಯ ಕಂತಿನ ದಿನ ನಾನು "ಮ್ಮ್ಮ್" ಎಂದಾಗ ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕರು. ಅವಳು ನಕ್ಕಳೋ ಇಲ್ಲವೋ ತಿಳಿಯಲಿಲ್ಲ, ಮಂಡಿಯ ನಡುವೆ ಮುಖ ಹುದುಗಿಸಿಕೊಂಡಿದ್ದಳು. ಬೆನ್ನು ಮಾತ್ರ ಅಲುಗಾಡುತ್ತಿತ್ತು. ಒಬ್ಬ ಹುಡುಗ ಎದ್ದು, "ಮಿಸ್, ಗುಮ್ಮುಂಗೆ ಮುದ್ದೆ ನುಂಗೋದು ಯಾರೂ ಹೇಳ್ಕೊಟ್ಟಿಲ್ವಾ?" ಎಂದು ಕೇಳಿದ. ಅವನೇ ಮೊದಲ ದಿನ "ಕುಂದರ್ಲಿ ಅಂತೆ" ಎಂದು ಎಲ್ಲರಿಗಿಂತ ಜೋರಾಗಿ ಆಡಿಕೊಂಡವನು. ಹೇಳಿಕೊಡಬೇಕೆಂಬುದು ಅವನಿಗೇ ಹೊಳೆದದ್ದನ್ನು ಕಂಡು ನಾನು ಮುಂದಿನ ವಾಕ್ಯವನ್ನೇ ಮರೆತೆ.

ಶುಕ್ರವಾರ "ನಾಳೆ ಬಾ" ಕಂತು. ಪಾಂಡವಪುರದವರು ಅದನ್ನು ಆರಂಭಕ್ಕೆಂದು ಕೊಟ್ಟಿದ್ದರು, ನಾನು ಕೊನೆಗೆ ಇಟ್ಟುಕೊಂಡೆ. ರಜೆ ಮುಗಿಸಿ ಬಂದ ಗುಮ್ಮ ಮತ್ತೆ ಬಾಗಿಲಲ್ಲಿ ಆ ಬರಹ ಕಂಡು ಹಿಂದಿರುಗುತ್ತಾನೆ, ಒಳಗೆ ಆಮೆ ಕಾಯುತ್ತಿದೆ. ನಿಜವಾದ ನಮ್ಮ ಬಾಗಿಲಿನ ಮೇಲೆಯೇ ಸೀಮೆಸುಣ್ಣದಲ್ಲಿ "ನಾಳೆ ಬಾ" ಎಂದು ಬರೆದು, ಗೊಂಬೆಯನ್ನು ಹಿಡಿದು ನಾನು ಹೊಸಿಲಿನ ಆಚೆ ನಿಂತೆ. ಈಗ ಏನು ಮಾಡಬೇಕು ಎಂದು ಕೇಳಿದೆ. ಗದ್ದಲವೋ ಗದ್ದಲ. ಒಬ್ಬಳು "ನಾಳೆ ಅನ್ನೋದನ್ನ ಅಳಿಸ್ಬಿಡಿ" ಎಂದಳು. ಅದೇ ಹುಡುಗ ಓಡಿಬಂದು ಅಂಗೈಯಲ್ಲಿ "ನಾಳೆ"ಯನ್ನು ಉಜ್ಜಿಹಾಕಿದ, "ಬಾ" ಒಂದೇ ಉಳಿಯಿತು. ನಾನು ಗುಮ್ಮನನ್ನು ಒಳಗೆ ತಂದು, ಅವನ ದನಿಯಲ್ಲಿ, "ಎಲ್ಲಿ ಕುಂದರ್ಲಿ ರೀ?" ಎಂದೆ. ಮೊದಲೇ ಯೋಚಿಸಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. ಆಡಿದ ಮೇಲೆ ಎದೆ ಡವಗುಟ್ಟಿತು.

ಯಾರೂ ನಗಲಿಲ್ಲ. ನಾಲ್ಕೈದು ಮಕ್ಕಳು "ಇಲ್ಲಿ, ಇಲ್ಲಿ" ಎಂದು ಕೂಗಿದರು. ಅವಳು ಕೂಗಲಿಲ್ಲ. ತನ್ನ ಪುಟ್ಟ ಶಿಷ್ಯನನ್ನು ಮೆಲ್ಲಗೆ ಒತ್ತರಿಸಿ, ಚಾಪೆಯ ಮೇಲೆ ಒಂದು ಗೇಣು ಜಾಗ ಬಿಟ್ಟಳು. ನಾನು ಗುಮ್ಮನನ್ನು ಅಲ್ಲಿಯೇ ಕೂರಿಸಿದೆ.

ಕುವೆಂಪುನಗರದ ರಂಗಾಸಕ್ತ

ಪರದೆ ಎಲ್ಲಿ ಬೀಳಬೇಕೆಂದು ತಿಳಿಯಿತು. ನಾನು ಸುಮ್ಮನಾಗಿದ್ದೇನೆ.

ಒಂಟಿಕೊಪ್ಪಲಿನ ಅಜ್ಜಿ

ಮಗಳೇ, ಇದನ್ನು ಮೊಮ್ಮಗನಿಗೆ ಓದಿ ಹೇಳಿದೆ. ಗುಮ್ಮನನ್ನು ನಮ್ಮ ಮನೆಗೂ ಕರೆಯಬೇಕಂತೆ.

ಮೈಸೂರಿನ ವಾಕ್-ಭಾಷಾ ಚಿಕಿತ್ಸಕಿ

ಮೇಡಂ, ಆ ವಾಕ್ಯವನ್ನು ಗುಮ್ಮನ ಬಾಯಿಂದ ಆಡಿಸಿದ್ದು ಅಪಾಯದ ಕೆಲಸವಾಗಿತ್ತು, ನಿಮಗೂ ಗೊತ್ತಿದೆ. ಮಕ್ಕಳು ನಕ್ಕಿದ್ದರೆ? ಈ ಸಲ ಒಳ್ಳೆಯದಾಯಿತು. ಮತ್ತೆ ಮತ್ತೆ ಬಳಸಬೇಡಿ. ಸೋಮವಾರ ಏನೂ ಆಗಿಲ್ಲವೆಂಬಂತೆ ಎಂದಿನ ಹಾಗೆ ತರಗತಿ ನಡೆಸಿ. ಗೊಂಬೆಯನ್ನು ಅವಳ ಕೈಗೆ ಸಿಗುವ ಕಡೆ ಇಡಿ, ಎತ್ತಿಕೊಳ್ಳೆಂದು ಹೇಳಬೇಡಿ. ಸ್ವಂತ ದನಿ ಹೊರಡದ ಮಕ್ಕಳು ಗೊಂಬೆಗೆ ದನಿ ಕೊಡುವುದುಂಟು.

ಕಲಬುರಗಿ ಮೂಲದವನು, ಈಗ ಹೆಬ್ಬಾಳು, ಮೈಸೂರು

ನನ್ನ ಅವ್ವನಿಗೆ ಫೋನ್ ಮಾಡಿ ಇದೆಲ್ಲವನ್ನೂ ಹೇಳಿದೆ. ಆ ಮಗುವಿನ ಮನೆಗೆ ಜೋಳದ ಹಿಟ್ಟು ಸಿಗುತ್ತದೆಯೇ ಎಂದು ಕೇಳಿದಳು. ಮೇಡಂ, ಮೈಸೂರಿಗೆ ಬಂದಾಗ ತಿಳಿಸಿ, ಊರಿನಿಂದ ಬಂದ ಹಿಟ್ಟು ನಮ್ಮಲ್ಲಿದೆ.

ಕಾವೇರಿ ದಂಡೆಯ ಶಿಕ್ಷಕಿ, ಶ್ರೀರಂಗಪಟ್ಟಣ ತಾಲ್ಲೂಕು

ಖಂಡಿತ ತಿಳಿಸುತ್ತೇನೆ ಅಣ್ಣ. ಚಿಕಿತ್ಸಕಿಯವರ ಎಚ್ಚರಿಕೆಯನ್ನೂ ತಲೆಯ ಮೇಲಿಟ್ಟುಕೊಂಡಿದ್ದೇನೆ. ಈಗ ಇನ್ನೊಂದು ತುರ್ತು ಸಮಸ್ಯೆ. ಮಕ್ಕಳೆಲ್ಲ ಮುಟ್ಟಿ ಮುಟ್ಟಿ ಗುಮ್ಮನ ವಾಲಿದ ಕೊಂಬು ಕಿತ್ತುಬಂದಿದೆ. ಬಟ್ಟೆಯಲ್ಲಿ ಹೊಲಿದದ್ದು ಎರಡು ದಿನವೂ ನಿಲ್ಲುತ್ತಿಲ್ಲ. ಯಾರಿಗಾದರೂ ಉಪಾಯ ಗೊತ್ತಿದೆಯೇ?

ಮದ್ದೂರಿನ ಆಲೆಮನೆಯವರ ಮಗ

ತೆಂಗಿನ ನಾರನ್ನು ಹುರಿಹೊಸೆದು ಒಳಗೆ ತುಂಬಿ, ಬುಡವನ್ನು ಗೋಣಿದಬ್ಬಳದಿಂದ ಗೋಣಿಗೇ ಸೇರಿಸಿ ಹೊಲಿಯಿರಿ ಮೇಡಂ, ಎತ್ತು ಎಳೆದರೂ ಬರುವುದಿಲ್ಲ. ದಬ್ಬಳ ಇಲ್ಲದಿದ್ದರೆ ಶನಿವಾರ ಆ ಕಡೆ ಬರುತ್ತಿದ್ದೇನೆ, ನಮ್ಮ ಮನೆಯದನ್ನೇ ತಂದುಕೊಡುತ್ತೇನೆ. ವಾಲಿದ ಕೊಂಬನ್ನು ವಾಲಿದಂತೆಯೇ ಹೊಲಿಯಿರಿ, ನೆಟ್ಟಗೆ ಮಾಡಿದರೆ ಮಕ್ಕಳು ಒಪ್ಪುವುದಿಲ್ಲ.